ದಿವಾನಗಿರಿ ಬೇಡವೆಂದ ಗವಿಯಪ್ಪ

"ಎಲ್ಲ ಸೀಮೆಯಲ್ಲೂ ದಿವಾನ ಅಂದರೆ ಮನುಷ್ಯ. ಲಂಚ ತಿನ್ನುತ್ತಾನೆ, ಸುಳ್ಳು ಹೇಳುತ್ತಾನೆ, ಕೊನೆಗೊಂದು ದಿನ ಸಾಯುತ್ತಾನೆ. ನನ್ನ ದಿವಾನನಿಗೆ ಈ ಯಾವ ಚಾಳಿಯೂ ಇಲ್ಲ," ಎಂದು ಚಿಟ್ಟನಗಿರಿಯ ದೊರೆ ಗಿರಿಯಪ್ಪನಾಯಕ ತುಂಬಿದ ಸಭೆಯಲ್ಲಿ ಜಂಭ ಕೊಚ್ಚಿದ. "ಇವತ್ತಿನಿಂದ ನಮ್ಮ ಮನೆದೇವರು ಗವಿಯಪ್ಪನೇ ದಿವಾನ."

ಸಭೆ ಭೇಷ್ ಎಂದಿತು. ದೊರೆ ಸೀನಿದರೂ ಆ ಸಭೆ ಭೇಷ್ ಅನ್ನುತ್ತಿತ್ತು, ಅದು ಬೇರೆ ಮಾತು.

ಎಲ್ಲರಿಗಿಂತ ಜೋರಾಗಿ ಅಂದವನು ಗವಿಯಪ್ಪನ ಪೂಜಾರಿ ನಿಂಗಯ್ಯ. ದೇವರ ಅಪ್ಪಣೆ ತಿಳಿಯುವುದು ಹೂವಿನಿಂದ ತಾನೆ? ದೇವರ ತಲೆ ಮೇಲೆ ಹೂವಿಟ್ಟು ಕೇಳಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಹೂವಿಡುವುದು ನಿಂಗಯ್ಯನ ಕೈ. ಆ ಕೈ ಹೇಗಿಟ್ಟರೆ ಹೂವು ಎಲ್ಲಿ ಬೀಳುತ್ತದೆ ಎಂಬುದು ದೊರೆಯೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತು. ಅವತ್ತೇ ಸಂಜೆ ಹೂವು ಬಲಕ್ಕೆ ಬಿತ್ತು, ನಿಂಗಯ್ಯನ ಭಾವಮೈದ ಸುಂಕದ ಕಟ್ಟೆಗೆ ಯಜಮಾನನಾದ.

ಮಾರನೇ ದಿನ ಆಸ್ಥಾನದ ವಿದೂಷಕ ಸಂಕಣ್ಣ ಎದ್ದು ನಿಂತ. ಬಾಯಿ ಚುರುಕು, ಮೀಸೆ ದೊಡ್ಡದು. ಆ ಮೀಸೆಯನ್ನು ಅವನು ಹೆಂಡತಿಗಿಂತ ಹೆಚ್ಚು ಮುದ್ದು ಮಾಡುತ್ತಾನೆಂದು ಹೆಂಡತಿಯೇ ಹೇಳುತ್ತಿದ್ದಳು.

"ದೊರೆ, ದೇವರನ್ನ ಗುಡಿಯಲ್ಲೇ ಬಿಡಿ. ಪೇಟೆಯ ಸಾಬರಿದ್ದಾರೆ, ಬಸದಿಯ ಜೈನರಿದ್ದಾರೆ. ನಿಮ್ಮ ಮನೆದೇವರ ಮುಂದೆ ಅವರು ಯಾವ ಬಾಯಲ್ಲಿ ದೂರು ಹೇಳಬೇಕು?"

"ಇರೋ ಬಾಯಲ್ಲೇ ಹೇಳಲಿ. ಗವಿಯಪ್ಪನೇ ಒಪ್ಪಿ ಕೂತಿರುವಾಗ ನಿನ್ನದೇನಯ್ಯ?"

"ಅವನು ಒಪ್ಪಿಲ್ಲ ಅಂತ ಅವನಿಂದಲೇ ಹೇಳಿಸಿದರೆ?"

ದೊರೆಗೆ ರೇಗಿತು. "ಹುಣ್ಣಿಮೆಯೊಳಗೆ ಹೇಳಿಸು. ಇಲ್ಲದಿದ್ದರೆ ನಿನ್ನ ಮೀಸೆ ಅರ್ಧ ಬೋಳಿಸಿ ಕತ್ತೆ ಮೇಲೆ ಊರು ಸುತ್ತಿಸುತ್ತೇನೆ."

ಸಂಕಣ್ಣ ಮೀಸೆ ಮುಟ್ಟಿ ನೋಡಿಕೊಂಡ. "ಆಗಲಿ ದೊರೆ. ಒಂದು ಮಾತು ನಡೆಸಿಕೊಡಿ. ಹಳೇ ದಿವಾನರಿಗಿದ್ದ ಕಟ್ಟಳೆಯೆಲ್ಲ ಈ ದಿವಾನರಿಗೂ ಇರಲಿ. ಜನ ಅವರ ಬಾಗಿಲಿಗೇ ಹೋಗಲಿ. ಗವಿಯಪ್ಪ ಎದ್ದು ಬರಲಾಗದ ಕಡೆ ಅವನ ಪರವಾಗಿ ಮಾತಾಡುವವರು ಹೋಗಲಿ."

"ಅಂದರೆ ನಾನು," ಎಂದ ನಿಂಗಯ್ಯ, ಎದೆ ಉಬ್ಬಿಸಿ.

"ನೀವೇ ಪೂಜಾರಪ್ಪ, ಇನ್ಯಾರು?"

ದೊರೆ ಹೂಂ ಎಂದ. ದೂರಿದ್ದವರೆಲ್ಲ ಗುಡಿಗೇ ಹೋಗಿ ಎಂದು ಸಂಕಣ್ಣ ಊರೆಲ್ಲ ಡಂಗುರ ಹೊಡೆಸಿದ. ಬೆಳಗಾಗುವಷ್ಟರಲ್ಲಿ ಗುಡಿಯ ಮುಂದೆ ಜನವೋ ಜನ.

"ದಿವಾನರು ಎದ್ದರಾ?" ಎಂದು ಎಮ್ಮೆ ಕಳೆದುಕೊಂಡ ಹೆಂಗಸೊಬ್ಬಳು ಕೇಳಿದಳು.

"ಸ್ವಾಮಿಗೆ ಇನ್ನೂ ಸ್ನಾನ ಆಗಿಲ್ಲ ತಾಯಿ," ಎಂದ ನಿಂಗಯ್ಯ.

"ಹಳೇ ದಿವಾನರೂ ಹೀಗೇ ಹೇಳಿ ಕಳಿಸೋರು," ಎಂದು ಅವಳು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

ಲಾಯದ ಇಮಾಮ್ ಸಾಬ್ ಬಂದು, "ಕುದುರೆ ಲಾಯದ ಮೋರಿ ಕಟ್ಟಿಕೊಂಡಿದೆ, ದಿವಾನರು ಖುದ್ದು ನೋಡಬೇಕಂತೆ," ಎಂದ. ದೇವರನ್ನು ಮೋರಿಗೆ ಹೊತ್ತೊಯ್ಯಲಾದೀತೆ? ನಿಂಗಯ್ಯನೇ ಪಂಚೆ ಎತ್ತಿ ಕಟ್ಟಿ ಇಳಿದ. ಮಧ್ಯಾಹ್ನ ಉಣ್ಣಲು ಕೂತರೆ ಮಾವುತ ಹಾಜರು. "ಪಟ್ಟದಾನೆಗೆ ಹೊಟ್ಟೆ ಕೆಟ್ಟಿದೆ. ಏನಾಗಿದೆ ಅಂತ ದಿವಾನರು ಹಿಂದೆ ನಿಂತು ನೋಡಬೇಕು, ಅದು ಕಟ್ಟಳೆ." ನಿಂಗಯ್ಯ ಆನೆಯ ಹಿಂದೆ ನಿಂತ. ಆಮೇಲೆ ಏನಾಯಿತು ಎಂದು ನಾನು ಹೇಳಬೇಕಾಗಿಲ್ಲ. ಬಾವಿಯ ಹತ್ತಿರ ಅವನ ಹೆಂಡತಿ ಕೊಡದ ಮೇಲೆ ಕೊಡ ಸುರಿದಳು, ಮನೆಯೊಳಗೆ ಮಾತ್ರ ಬಿಟ್ಟುಕೊಳ್ಳಲಿಲ್ಲ.

ಗುಡಿಗೆ ಕಾಯಿ ತರುವವರು ಬರುವುದನ್ನೇ ಬಿಟ್ಟರು. ಗಾಡಿಯವರು ಗರ್ಭಗುಡಿಯ ಮುಂದೆ ನಿಂತು, "ಏನಪ್ಪ ಗವಿಯಪ್ಪ, ಇಷ್ಟೊಂದು ಸುಂಕವೇ? ನಿನಗೆ ಹೆಂಡತಿ ಮಕ್ಕಳಿಲ್ಲವೇ?" ಎಂದು ದೇವರನ್ನೇ ಬಯ್ದು ಹೋದರು.

ಇಷ್ಟನ್ನಾದರೂ ನಿಂಗಯ್ಯ ತಡೆದುಕೊಳ್ಳುತ್ತಿದ್ದನೋ ಏನೋ. ದಿನಾ ಬಂದು ದೇವರೆದುರು ಕಣ್ಣೀರು ಹಾಕಿ ಹಗುರಾಗಿ ಹೋಗುತ್ತಿದ್ದ ಮುದುಕಿ ಕೆಂಚಮ್ಮ ಹೊಸ್ತಿಲಾಚೆಯೇ ನಿಂತುಬಿಟ್ಟಳು. "ಮೊದಲು ದಿವಾನರು ಕೊಟ್ಟ ಕಷ್ಟಾನ ಇವನ ಹತ್ತಿರ ಹೇಳ್ಕೋತಿದ್ದೆ. ಈಗ ಇವನೇ ದಿವಾನ. ನಾನೆಲ್ಲಿಗೆ ಹೋಗಲಿ ನಿಂಗಯ್ಯ?" ಎಂದಳು. ನಿಂಗಯ್ಯನಿಗೆ ನಿಜವಾಗಿ ಸಂಕಟವಾಯಿತು. ಎಷ್ಟಾದರೂ ಅವನು ಪೂಜಾರಿ.

ಹುಣ್ಣಿಮೆ ಬಂತು. ದೊರೆ ಸಭೆಸಮೇತ ಗುಡಿಗೆ ಬಂದ. ಕ್ಷೌರದವನು ಕತ್ತಿ ಮಸೆಯುತ್ತ ಕೂತಿದ್ದ, ಹೊರಗೆ ಕತ್ತೆಯೂ ಸಿದ್ಧವಾಗಿತ್ತು.

"ಏನು ಸಂಕಣ್ಣ, ಬಲಗಡೆ ಮೀಸೆಯೋ ಎಡಗಡೆಯದೋ?"

"ಹೂವು ಹೇಳಿದ ಕಡೆಯದು ದೊರೆ. ಮೊದಲು ಗವಿಯಪ್ಪನನ್ನು ಕೇಳಿಬಿಡಿ."

ನಿಂಗಯ್ಯ ಹೂವಿಟ್ಟ. ದೊರೆ ಕೈಮುಗಿದು, "ಗವಿಯಪ್ಪ, ದಿವಾನನಾಗಿ ಮುಂದುವರಿ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮಾವುತನ ತಲೆ ಕಾಣಿಸಿತು. "ಪೂಜಾರಪ್ಪ, ಆನೆಗೆ ಮತ್ತೆ ಶುರುವಾಗಿದೆ."

ಹೂವು ಎಡಕ್ಕೆ ಹಾರಿ ಕ್ಷೌರದವನ ನೀರಿನ ಬಟ್ಟಲಿಗೆ ಬಿತ್ತು.

"ನಾನಿನ್ನೂ ಕೇಳಿ ಮುಗಿಸಿಲ್ಲ. ಇನ್ನೊಂದು ಸಲ," ಎಂದ ದೊರೆ.

ಇನ್ನೊಂದು ಸಲವೂ ಎಡಕ್ಕೆ. ಮತ್ತೊಮ್ಮೆ ಅಂದಾಗ ನಿಂಗಯ್ಯ ಹೂವು ಇಡಲೇ ಇಲ್ಲ. "ಎಡಕ್ಕೇ ದೊರೆ, ಎಡಕ್ಕೇ. ಇದನ್ನ ನಾನು ಬರೆದು ಕೊಡುತ್ತೇನೆ," ಎಂದು ಅಡ್ಡಬಿದ್ದ.

ದೊರೆಯ ಮುಖ ಬಾಡಿತು. "ಸಂಕಣ್ಣ, ಗವಿಯಪ್ಪನಿಗೆ ನನ್ನ ಮೇಲೆ ಸಿಟ್ಟೇನೋ?"

"ಛೆ ಛೆ, ಇಲ್ಲ ದೊರೆ. ತಪ್ಪು ಮಾಡೋ ಕೆಲಸ ನಿಮ್ಮದು, ಕ್ಷಮಿಸೋ ಕೆಲಸ ಅವನದು. ಎರಡನ್ನೂ ಅವನಿಗೇ ಹೊರಿಸಿದರೆ ಆಮೇಲೆ ನಿಮ್ಮನ್ನ ಕ್ಷಮಿಸೋರು ಯಾರು?"

ದೊರೆ ಆ ಮಾತನ್ನು ತನ್ನಷ್ಟಕ್ಕೆ ಇನ್ನೊಮ್ಮೆ ಹೇಳಿಕೊಂಡ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಸಭೆ ಭೇಷ್ ಎಂದಿತು. ಹೊಸ ದಿವಾನನನ್ನು ಮನುಷ್ಯರಲ್ಲೇ ಹುಡುಕುವುದೆಂದಾಯಿತು, ಭಾವಮೈದ ಮನೆಗೆ ಹೋದ, ಕೆಂಚಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು.

"ಸಂಕಣ್ಣನ ಮೀಸೆಗೆ ಬದುಕಿರುವತನಕ ಎಣ್ಣೆ ನಮ್ಮದು. ನಿಂಗಯ್ಯ, ಆ ದೀಪದ ಎಣ್ಣೆಯನ್ನೇ ಒಂದಿಷ್ಟು ತಾ, ಈಗಲೇ ಹಚ್ಚಿಬಿಡೋಣ," ಎಂದ ದೊರೆ, ಖುಷಿಯಲ್ಲಿ.

ಸಂಕಣ್ಣ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ. "ಬೇಡ ದೊರೆ, ಅದು ಗವಿಯಪ್ಪನ ಎಣ್ಣೆ. ಅರಮನೆ ಉಗ್ರಾಣದ್ದೇ ತರಿಸಿ."