ಕಾಣೆವು ಗುಡ್ಡ

ನಮ್ಮೂರು ಸೀಗೆಗುಂಟೆಯ ಊರಬಾಗಿಲು ದಾಟಿ ಮೂಡಲಿಗೆ ಮುಖ ಮಾಡಿ ಅರ್ಧ ಗಂಟೆ ನಡೆದರೆ ಕಾಣೆವು ಗುಡ್ಡ ಸಿಗುತ್ತದೆ. ದೊಡ್ಡ ಬೆಟ್ಟವೆಂದುಕೊಂಡು ಬಂದವರ ಮುಖ ಮೊದಲ ನೋಟಕ್ಕೇ ಸಪ್ಪಗಾಗುತ್ತದೆ. ಮುನ್ನೂರು ಹೆಜ್ಜೆ ಹತ್ತಿದರೆ ಮುಗಿಯಿತು. ಮರಗಳೆಂದರೆ ನಾಲ್ಕಾರು ತುಗ್ಗಲಿ, ಉಳಿದದ್ದೆಲ್ಲ ಕಲ್ಲು ಮತ್ತು ಬಾದೆಹುಲ್ಲು. ನೆತ್ತಿಯ ಮೇಲೆ ಚಪ್ಪಟೆಯಾದ ಒಂದು ಬಂಡೆಯಿದ್ದು, ಅದರ ಅಂಚಿನುದ್ದಕ್ಕೂ ಗೇಣುದ್ದದ ಕುಳಿಗಳನ್ನು ಕೊರೆದಿದ್ದಾರೆ. ಅಲ್ಲಿಂದ ಮೂಡಣ ಮಗ್ಗುಲಿಗೆ ಇಳಿದರೆ ಮೊರದಂತೆ ತಗ್ಗಾದ ಇನ್ನೊಂದು ಬಂಡೆ. ಈಗ ಆರೇಳು ವರ್ಷಗಳಿಂದ, ಚಳಿ ಶುರುವಾಗುವ ಹೊತ್ತಿಗೆ, ಉಲ್ಕೆಗಳು ಬೀಳುತ್ತವೆಂದು ಪತ್ರಿಕೆಯಲ್ಲಿ ಓದಿದ ಪಟ್ಟಣದ ಮಂದಿ ಚಾಪೆ, ಫ್ಲಾಸ್ಕು, ಕ್ಯಾಮೆರಾ ಹೊತ್ತು ಬರುತ್ತಾರೆ. ಮೂವತ್ತು ವರ್ಷ ಈ ಸುತ್ತಿನ ಏಳು ಹಳ್ಳಿಗೆ ಅಂಚೆ ಹಂಚಿದ ನನ್ನನ್ನು ಯಾರೋ ತೋರಿಸಿಕೊಡುತ್ತಾರೆ. ಎಲ್ಲಿ ಕೂತರೆ ಚೆನ್ನಾಗಿ ಕಾಣುತ್ತದೆ ಅಜ್ಜ, ಎಂದು ಅವರು ಕೇಳುತ್ತಾರೆ. ನೆತ್ತಿ ಬೇಡ, ತಗ್ಗಿನ ಬಂಡೆಗೆ ಹೋಗಿ, ಗುಡ್ಡದ ಕಡೆ ತಲೆ ಮಾಡಿ ಅಂಗಾತ ಮಲಗಿ, ನಿಮ್ಮ ಆ ಮೊಬೈಲುಗಳನ್ನು ಆರಿಸಿ ಜೇಬಿಗೆ ಹಾಕಿಕೊಳ್ಳಿ ಎನ್ನುತ್ತೇನೆ. ಇಷ್ಟು ಚೆನ್ನಾಗಿ ಕಾಣುವ ಜಾಗಕ್ಕೆ ಇಂಥ ಹೆಸರೇಕೆ ಎಂದು ಕೇಳಿದರೆ ಮಾತ್ರ ಇಷ್ಟು ದಿನ ಬೇರೆ ಮಾತು ತೆಗೆದು ಜಾರಿಕೊಳ್ಳುತ್ತಿದ್ದೆ. ಎಪ್ಪತ್ತನಾಲ್ಕು ತುಂಬಿತು, ಇನ್ನೂ ಎಷ್ಟು ಅಂತ ಜಾರುವುದು. ಬರೆದೇ ಬಿಡುತ್ತೇನೆ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದಾಗ, ಗುಡ್ಡದ ಪಡುವಲಿಗಿದ್ದ ಕೋಟೆಯಿಂದ ಸಿರುಮಣ್ಣ ನಾಯಕನೆಂಬವನು ಆಳುತ್ತಿದ್ದನಂತೆ. ಗುಡ್ಡದ ಮೂಡಲಿಗೆ ಆಗ ಹೊಲಗಳಿರಲಿಲ್ಲ. ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲಿತ್ತು. ಅದರ ಅಂಚಿನಲ್ಲಿ ಇಪ್ಪತ್ತು ಗುಡಿಸಲಿನ ಒಂದು ಗೊಲ್ಲರ ಹಟ್ಟಿ. ಹಟ್ಟಿಯವರ ಕುರಿ ಆ ಕಾವಲಿನಲ್ಲಿ ಮೇಯುತ್ತಿದ್ದವು. ಬೇಸಗೆ ಬಂತೆಂದರೆ ಸೀಗೆಗುಂಟೆಯ ಒಕ್ಕಲಿಗರು ತಮ್ಮ ಹೊಲಗಳಲ್ಲಿ ಆ ಕುರಿಗಳ ಮಂದೆ ಹಾಕಿಸಿಕೊಳ್ಳುತ್ತಿದ್ದರು; ಗೊಬ್ಬರ ಹೊಲಕ್ಕೆ, ಬದಲಿಗೆ ರಾಗಿ ಹಟ್ಟಿಗೆ. ಹಟ್ಟಿಗೆ ಹಿರಿಯನಾದ ಚಿತ್ತಯ್ಯನೂ ಊರಿಗೆ ಗೌಡನಾದ ಕೆಂಗೌಡನೂ ಈ ಮಂದೆಯ ನೆಪದಲ್ಲಿ ಬಲು ಹತ್ತಿರದವರಾಗಿದ್ದರು. ಒಂದು ವರ್ಷ ಊರಿಗೆ ಕಾಯಿಲೆ ಬಡಿದು ಜನ ಕೈಲಾಗದೆ ಮಲಗಿದಾಗ ಕೆಂಗೌಡನ ಮನೆಯ ಐದು ಜೀವಗಳಿಗೆ ನಲವತ್ತು ದಿನ ಹಾಲು, ಗಂಜಿ ಹೊತ್ತುಕೊಂಡು ಬಂದವನು ಚಿತ್ತಯ್ಯ. ಇದನ್ನು ಎಲ್ಲ ಹಳ್ಳಿಯವರೂ ಒಂದೇ ರೀತಿ ಹೇಳುತ್ತಾರೆ, ನಮ್ಮೂರಿನವರನ್ನು ಬಿಟ್ಟು.

ಆ ಹಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ಮೇಕೆಯ ಕೂದಲಿನಿಂದ ಹೊಸೆದ ಒಂದು ಹಗ್ಗಕ್ಕೆ ಪ್ರತಿ ಕಾರ್ತೀಕದಲ್ಲಿ ಹಿರಿಯನು ಒಂದು ಗಂಟು ಹಾಕುತ್ತಿದ್ದ. ಮೂವತ್ತಮೂರನೆಯ ಗಂಟು ಬಿದ್ದ ವರ್ಷ ಆಕಾಶದಿಂದ ಚುಕ್ಕಿಗಳು ಉದುರುತ್ತವೆ, ಒಂದೆರಡಲ್ಲ, ಲೆಕ್ಕವಿಡಲಾಗದಷ್ಟು, ಎಂದು ಅವರ ಹಿರಿಯರು ಹೇಳಿಕೊಟ್ಟಿದ್ದರು. ಅಂದು ಹಟ್ಟಿಯವರೆಲ್ಲ ಬೆಂಕಿ ಆರಿಸಿ, ಕುರಿಗಳ ನಡುವೆ ಮಲಗಿ ನೋಡುತ್ತಿದ್ದರು. ನೋಡಿ ಆದ ಮೇಲೆ ಗಂಟುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಶುರು. ಚಿತ್ತಯ್ಯ ಬಾಲಕನಾಗಿದ್ದಾಗ ಒಮ್ಮೆ ಅದನ್ನು ಕಂಡಿದ್ದ. ಮತ್ತೆ ಹಗ್ಗ ತುಂಬುವ ವರ್ಷ ಬಂದಾಗಲೇ ಕೋಟೆಯಿಂದ ಕೆಟ್ಟ ಸುದ್ದಿ ಬಂತು: ಕಾವಲನ್ನು ಹಾಗೇ ಉಳಿಸಿ ಮಾಡುವುದೇನಿದೆ, ಉತ್ತು ಬಿತ್ತಲಿ ಎಂದು ನಾಯಕ ಅದನ್ನು ಸೀಗೆಗುಂಟೆಯವರಿಗೆ ಬಿಟ್ಟುಕೊಡುವ ಯೋಚನೆಯಲ್ಲಿದ್ದಾನೆ.

ಚಿತ್ತಯ್ಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಕೋಟೆಗೆ ಹೋದ. ಹುಲ್ಲು ಹೋದರೆ ಕುರಿ ಹೋಯಿತು, ಕುರಿ ಹೋದರೆ ಹಟ್ಟಿಯೇ ಹೋಯಿತು ಎಂದು ಕಾಲಿಗೆ ಬಿದ್ದು ಹೇಳಿಕೊಂಡ. ಈ ನೆಲದ ಮೇಲೆ ನಿನ್ನ ಹಕ್ಕಿಗೆ ಏನು ಗುರುತು ಎಂದು ನಾಯಕ ಕೇಳಿದನಂತೆ. ಬರೆದ ಓಲೆ ಅವನ ಬಳಿ ಎಲ್ಲಿಂದ ಬರಬೇಕು? ಪಾಪ, ಇದ್ದದ್ದು ಹಗ್ಗ, ಅದನ್ನೇ ಎತ್ತಿ ತೋರಿಸಿದ. ಇದೇ ಕಾವಲಿನಲ್ಲಿ ಮಲಗಿ ನಮ್ಮವರು ಆಕಾಶದ ಎಣಿಕೆ ಇಟ್ಟಿದ್ದಾರೆ ಒಡೆಯಾ, ಈ ಕಾರ್ತೀಕದ ಕೊನೆಗೆ ಚುಕ್ಕಿ ಉದುರುತ್ತವೆ, ನೋಡಿದರೆ ನಿಮಗೇ ತಿಳಿಯುತ್ತದೆ ಎಂದ. ಸಭೆಯಲ್ಲಿದ್ದವರು ನಕ್ಕರು. ನಾಯಕನಿಗೆ ಮೋಜು ಹತ್ತಿತು. ಉದುರಿದರೆ ಕಾವಲು ಹಟ್ಟಿಗೆ ಶಾಶ್ವತ, ಉದುರದಿದ್ದರೆ ಮರುದಿನ ಮಧ್ಯಾಹ್ನದೊಳಗೆ ಹಟ್ಟಿ ಎದ್ದು ಹೋಗತಕ್ಕದ್ದು ಎಂದು ಮಾತು ಕೊಟ್ಟ. ಒಬ್ಬನ ಬದುಕನ್ನು ಪಂದ್ಯಕ್ಕೆ ಇಡುವುದು ದೊಡ್ಡವರಿಗೆ ಎಂದೂ ಕಷ್ಟವಾದ ಕೆಲಸವಲ್ಲ.

ನೋಡಲು ತಕ್ಕ ಜಾಗ ಹುಡುಕುವ ಹೊಣೆ ಚಿತ್ತಯ್ಯನದೇ ಆಯಿತು. ಮೂರು ದಿನ, ಕತ್ತಲಾದ ಮೇಲೆ, ಅವನು ಗುಡ್ಡದ ಮೇಲೆಲ್ಲ ಮಲಗಿ ಎದ್ದು ನೋಡಿದನಂತೆ. ನೆತ್ತಿಯ ಮೇಲೆ ಕೋಟೆಯ ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದವು. ತೆಂಕಣ ಮಗ್ಗುಲಲ್ಲಿ ಮರಗಳ ಅಡ್ಡ. ಕೊನೆಗೆ ಮೂಡಣದ ಆ ತಗ್ಗಿನ ಬಂಡೆ ಸಿಕ್ಕಿತು. ಬೆನ್ನ ಹಿಂದಿನ ಗುಡ್ಡವೇ ಕೋಟೆಯ ಬೆಳಕನ್ನು ಮರೆಮಾಡುತ್ತಿತ್ತು, ಮುಂದೆ ಕಾವಲಿನಾಚೆ ಭೂಮಿಯ ಅಂಚಿನವರೆಗೂ ಬರೀ ಆಕಾಶ. ನಾಯಕರು ಇಲ್ಲಿ ಮಲಗಬೇಕು, ಒಂದು ದೀಪವೂ ಇರಬಾರದು, ಕಣ್ಣು ಕತ್ತಲಿಗೆ ಪಳಗಲು ಹತ್ತು ಕುರಿ ಹಾಲು ಕರೆಯುವಷ್ಟು ಹೊತ್ತು ಬೇಕು ಎಂದು ದಳವಾಯಿಗೆ ಹೋಗಿ ಹೇಳಿದ. ದಳವಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದ. ದೊರೆ ತಗ್ಗಿನಲ್ಲಿ, ಕುರಿ ಕಾಯುವವನ ಹಾಗೆ ಅಂಗಾತ ಮಲಗುವುದೇ? ದೊರೆಯ ತಲೆಗಿಂತ ಎತ್ತರದಲ್ಲಿ ಬರೀ ಕಲ್ಲೇ ಆದರೂ ಇರಬಹುದೇ? ನೆತ್ತಿಯೇ ಸರಿ ಎಂದು ತೀರ್ಮಾನವಾಯಿತು. ಕಲ್ಲುಕುಟಿಗರು ಬಂದು ನೆತ್ತಿಯ ಬಂಡೆಯ ಅಂಚಿಗೆ ನಲವತ್ತು ಕುಳಿ ಹೊಡೆದರು. ಆ ಕುಳಿಗಳಲ್ಲಿ ನಲವತ್ತು ದೀವಟಿಗೆ ನಿಂತವು. ನಡುವೆ ಪೀಠ, ಪೀಠದ ಮೇಲೆ ಕೆಂಪು ಬಟ್ಟೆಯ ಮೇಲ್ಕಟ್ಟು. ಆಕಾಶ ನೋಡಲು ಬಂದವನ ತಲೆಯ ಮೇಲೆ ಮೇಲ್ಕಟ್ಟು! ಈ ಬುದ್ಧಿವಂತಿಕೆಗೆ ಏನೆನ್ನೋಣ.

ಗೊತ್ತಾದ ದಿನ ಬಂತು. ಸಾಕ್ಷಿಗೆಂದು ಕರೆಸಿದ್ದ ಸೀಗೆಗುಂಟೆಯ ಮೂವತ್ತು ಮಂದಿ ಯಜಮಾನರಿಗೆ ನೆತ್ತಿಯ ಮೇಲೆ ಜಾಗವಿರಲಿಲ್ಲ. ದೊರೆಗೆ ಬೇಡವಾದ ತಗ್ಗು ಅವರ ಪಾಲಿಗೆ ಬಂತು. ಉಸಿರೆತ್ತಬಾರದು, ಕರೆದಾಗ ಮೇಲೆ ಬರಬೇಕು ಎಂದು ಕೋಟೆಯ ಭಟರು ಹೇಳಿ ಹೋದರು. ಚಿತ್ತಯ್ಯ ಮೇಲೆ ನಾಯಕನ ಎದುರಿಗೆ ಕೈಮುಗಿದು ನಿಂತು, ದೀವಟಿಗೆ ಆರಿಸಲು ಅಪ್ಪಣೆಯಾಗಬೇಕು ಎಂದು ಬೇಡಿದ. ದೀವಟಿಗೆಯವರು ಬೆಚ್ಚಿಬಿದ್ದರು. ಆ ಸಂಸ್ಥಾನದಲ್ಲಿ ದೊರೆಯ ಮುಂದಿನ ದೀವಟಿಗೆಯನ್ನು ಕೈಯಾರೆ ಆರಿಸುವುದು ಒಂದೇ ಒಂದು ಸಂದರ್ಭದಲ್ಲಿ, ದೊರೆಯ ಹೆಣ ಹೊರಟಾಗ. ಈ ಗೊಲ್ಲ ನಮ್ಮ ನಾಯಕರ ಸಾವು ಬಯಸುತ್ತಿದ್ದಾನೆಂದು ದಳವಾಯಿ ಕತ್ತಿಗೆ ಕೈ ಹಾಕಿದ. ನಾಯಕನೇ ತಡೆದು, ದೀಪವಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತದಲ್ಲವೇನೋ ಎಂದು ನಕ್ಕುಬಿಟ್ಟ. ಚಿತ್ತಯ್ಯನನ್ನು ಕೆಳಗೆ ನೂಕಿದರು. ಅವನು ತಗ್ಗಿನ ಬಂಡೆಗೆ ಬಂದು ಕೆಂಗೌಡನ ಪಕ್ಕದಲ್ಲಿ ಮಲಗಿಕೊಂಡ.

ನಡುವಿರುಳು ಕಳೆದ ಮೇಲೆ ಶುರುವಾಯಿತು. ಮೊದಲು ಒಂದು, ಆಮೇಲೆ ಮೂರು, ಆಮೇಲೆ ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಎಲ್ಲ ಕಡೆಗೂ. ಕೆಲವು ನೆಲ ಮುಟ್ಟುವವರೆಗೂ ಹಸಿರು ಗೆರೆ ಎಳೆದವು. ಕಾವಲಿನ ಹುಲ್ಲು ಬೆಳಗಿತು, ಕೆಳಗಿನ ಹಟ್ಟಿಯ ಕುರಿಗಳೆಲ್ಲ ಎದ್ದು ನಿಂತದ್ದು ಕಾಣಿಸಿತು. ಮೂವತ್ತು ಮಂದಿ ಗಂಡಸರು ಬಾಯಿಗೆ ಪಂಚೆ ತುರುಕಿಕೊಂಡು ಸದ್ದಿಲ್ಲದೆ ಅತ್ತರು ಎನ್ನುತ್ತಾರೆ. ಕೆಂಗೌಡ ಕತ್ತಲಲ್ಲೇ ತಡಕಾಡಿ ಚಿತ್ತಯ್ಯನ ಕೈ ಹಿಡಿದುಕೊಂಡ. “ಚಿತ್ತಣ್ಣ, ಇದನ್ನ ಕಣ್ಣಾರೆ ಕಾಣೋ ಭಾಗ್ಯ ನಿನ್ನಿಂದ ಬಂತು ಕಣಣ್ಣ” ಎಂದು ಪಿಸುಗುಟ್ಟಿದ. ಮೇಲೆ, ಹೊಗೆಯೂ ಎಣ್ಣೆಯ ಕಮಟೂ ತುಂಬಿದ ಬೆಳಕಿನ ನಡುವೆ, ಕೆಂಪು ಬಟ್ಟೆಯ ಕೆಳಗೆ, ಸಿರುಮಣ್ಣ ನಾಯಕ ಆಕಳಿಸುತ್ತ ಕೂತಿದ್ದ.

ಮೂಡಣ ಬೆಳ್ಳಗಾಗುವಾಗ ಕರೆ ಬಂತು. ನಾಯಕನ ಕಣ್ಣು ಕೆಂಪಾಗಿದ್ದವು, ಸೊಂಟ ಹಿಡಿದಿತ್ತು. ಎಲ್ಲಯ್ಯಾ ನಿನ್ನ ಚುಕ್ಕಿ ಎಂದು ಕೇಳಿದ. ಚಿತ್ತಯ್ಯ ನಿರಾಳವಾಗಿಯೇ ಇದ್ದನಂತೆ. ಕತ್ತಲಲ್ಲಿದ್ದವರನ್ನು ಕೇಳಿ ಒಡೆಯಾ, ನಮ್ಮ ಹಟ್ಟಿಯವರನ್ನು ಬೇಡ, ಊರವರನ್ನೇ ಕೇಳಿ, ಅವರ ಮಾತಿಗೆ ನಾನು ಬದ್ಧ ಎಂದ. ನಾಯಕ ಕೆಂಗೌಡನ ಕಡೆ ತಿರುಗಿದ.

ಆ ಗಳಿಗೆಯ ಬಗ್ಗೆ ಒಂದೊಂದು ಹಳ್ಳಿಯಲ್ಲಿ ಒಂದೊಂದು ಮಾತಿದೆ. ಹೆದರಿದ ಎನ್ನುವವರಿದ್ದಾರೆ: ಬಡ ಒಕ್ಕಲಿಗರಿಗೆ ಕಂಡದ್ದು ದೊರೆಗೆ ಕಾಣಲಿಲ್ಲವೆಂದು ಸಭೆಯ ನಡುವೆ ಹೇಳಿದರೆ ತಲೆ ಉಳಿಯುತ್ತಿತ್ತೇ? ಅದೂ ನಿಜವಿರಬಹುದು. ಆದರೆ ಮೇಲೆ ಹತ್ತುವಾಗ ಕೆಂಗೌಡ ಒಮ್ಮೆ ನಿಂತು, ಬೆಳಕು ಬೀಳುತ್ತಿದ್ದ ಕಾವಲನ್ನು, ನೇಗಿಲು ತಾಗದ ಆ ಕಪ್ಪು ನೆಲವನ್ನು ತಿರುಗಿ ನೋಡಿದ ಎಂಬುದನ್ನೂ ಹೇಳುತ್ತಾರೆ. ನೋಡಿದವನಿಗೆ ಹೆದರಿಕೆಯೊಂದೇ ಇತ್ತೆಂದು ನಾನು ಒಪ್ಪಲಾರೆ.

“ಕಾಣೆವು ಬುದ್ಧಿ” ಎಂದ ಕೆಂಗೌಡ.

ನಾಯಕ ಒಬ್ಬೊಬ್ಬರನ್ನಾಗಿ ಕೇಳಿದ. ಮೂವತ್ತು ಮಂದಿಯೂ ನೆಲ ನೋಡುತ್ತ ಅದನ್ನೇ ಹೇಳಿದರು. ಅವರ ಕಣ್ಣು ಅತ್ತು ಊದಿದ್ದವು, ಬೆನ್ನಿನ ಮೇಲೆ ಇನ್ನೂ ಇಬ್ಬನಿಯಿತ್ತು. ಚಿತ್ತಯ್ಯ ಕೂಗಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಕೆಂಗೌಡನ ಹತ್ತಿರ ಬಂದು, ಹೆಗಲ ಮೇಲಿನ ಹಗ್ಗ ತೆಗೆದು ಅವನ ಕೈಗಿಟ್ಟ. “ನನ್ನ ಕೈ ಹಿಡಕೊಂಡು ನೋಡಿದೆಯಲ್ಲ ಗೌಡ. ಇನ್ನು ಗಂಟು ನೀನೇ ಹಾಕು” ಎಂದಷ್ಟೇ ಹೇಳಿ ಗುಡ್ಡ ಇಳಿದ. ಬಿಸಿಲೇರುವುದರೊಳಗೆ ಇಪ್ಪತ್ತು ಗುಡಿಸಲು ಬಿಚ್ಚಿ, ಮಕ್ಕಳು ಮರಿ, ಕುರಿ, ಮಡಕೆ ಎಲ್ಲ ಕಟ್ಟಿಕೊಂಡು ಹಟ್ಟಿಯವರು ತೆಂಕಲಿಗೆ ನಡೆದರು. ಆ ವರ್ಷ ತೆಂಕಲಲ್ಲಿ ಹುಲ್ಲಿರಲಿಲ್ಲ. ಅವರು ಎಲ್ಲಿಗೆ ಮುಟ್ಟಿದರು, ಎಷ್ಟು ಜನ ಮುಟ್ಟಿದರು ಎಂಬುದನ್ನು ಹೇಳುವವರು ಯಾರೂ ನನಗೆ ಸಿಗಲಿಲ್ಲ. ಅಂಚೆಯ ಕೆಲಸದಲ್ಲಿ ಹೋದಲ್ಲೆಲ್ಲ ಕೇಳಿದ್ದೇನೆ.

ಕೆಂಗೌಡ ಹಗ್ಗವನ್ನು ಮನೆಗೆ ತಂದು ಒಲೆಗೆ ಹಾಕಿದ. ಮುಂದಿನ ಮುಂಗಾರಿಗೆ ಮೂವತ್ತು ಜೊತೆ ಎತ್ತು ಕಾವಲಿಗೆ ಇಳಿದವು. ಬೆಳೆ ಬಂಗಾರದಂತೆ ಬಂತು, ಅದನ್ನೂ ಮುಚ್ಚಿಡಬಾರದು. ಎಣಿಕೆ ಇಡುವವರಿಲ್ಲದೆ ವರ್ಷಗಳು ಕಳೆದವು. ಕೆಂಗೌಡ ಹಣ್ಣು ಮುದುಕನಾಗಿದ್ದಾಗ ಒಂದು ಕಾರ್ತೀಕದಲ್ಲಿ, ಯಾರಿಗೂ ಮುನ್ಸೂಚನೆಯಿಲ್ಲದೆ, ಚುಕ್ಕಿಗಳು ಮತ್ತೆ ಉದುರಿದವು. ಅಂಗಳದಲ್ಲಿದ್ದ ಮೊಮ್ಮಕ್ಕಳು ನೋಡಿ ತಾತ, ನೋಡಿ ಎಂದು ಅವನ ಗದ್ದ ಹಿಡಿದು ಮುಖ ಎತ್ತಿದರೆ, ಮುದುಕ ಕಣ್ಣು ಮುಚ್ಚಿಕೊಂಡು ಕಾಣೆ, ಕಾಣೆ ಎಂದು ಬೆಳಗಿನವರೆಗೂ ಒದರಿದನಂತೆ. ಮಕ್ಕಳನ್ನು ಒಳಗೆ ಎಳೆದು ಕದ ಹಾಕಿದರು. ಉಳಿದ ಮನೆಗಳಲ್ಲೂ ಕದ ಹಾಕಿದರು. ಅಲ್ಲಿಂದ ನಮ್ಮೂರಿಗೆ ಇದೇ ನಡವಳಿಕೆಯಾಯಿತು. ಚುಕ್ಕಿ ಬಿದ್ದದ್ದನ್ನು ಕಂಡು ಮಗು ಬೆರಳು ತೋರಿದರೆ, ಹಿರಿಯರು ಆ ಬೆರಳು ಮಡಚಿ, ಕಾಣೆ ಅನ್ನು ಎಂದು ಹೇಳಿಕೊಡುತ್ತಾರೆ. ಏಕೆಂದು ಮಕ್ಕಳಿಗೂ ಗೊತ್ತಿಲ್ಲ, ಹೇಳಿಕೊಡುವವರಲ್ಲಿ ಬಹಳ ಮಂದಿಗೂ ಗೊತ್ತಿಲ್ಲ. ಸುತ್ತಿನ ಆರು ಹಳ್ಳಿಯವರು ಮಾತ್ರ ಮರೆಯದೆ ಗುಡ್ಡಕ್ಕೆ ಕಾಣೆವು ಗುಡ್ಡವೆಂದು ಹೆಸರಿಟ್ಟು, ನಮ್ಮೂರಿಗೆ ಹೆಣ್ಣು ಕೊಡುವಾಗ ಇಂದಿಗೂ ಒಮ್ಮೆ ನಗುತ್ತಾರೆ.

ತಗ್ಗಿನ ಬಂಡೆಯ ಮೇಲೆ ಕೂತರೆ ಮೂಡಲಿಗೆ ಈಗ ಹುಲ್ಲಿಲ್ಲ. ಬದು, ಬೇಲಿ, ಕೊಳವೆಬಾವಿಯ ಶೆಡ್ಡು, ರಾಗಿ, ಸೂರ್ಯಕಾಂತಿ. ಬಂದವರು ಎಷ್ಟು ಚೆಂದದ ನೋಟ ಎಂದು ಚಿತ್ರ ತೆಗೆದುಕೊಳ್ಳುತ್ತಾರೆ. ಬಂಡೆಗೆ ನೇರ ಕೆಳಗೆ, ಹಟ್ಟಿಯಿದ್ದ ಜಾಗದಲ್ಲಿ, ಒಂದು ಆರೆಕರೆ ಹೊಲವಿದೆ. ಕಪ್ಪು ಮಣ್ಣು, ಈಗಲೂ ಅಲ್ಲಿ ಉತ್ತರೆ ಒಲೆಗುಂಡುಗಳು ಮೇಲೆ ಬರುತ್ತವೆ. ಅದು ನನ್ನದು. ಕೆಂಗೌಡ ನಮ್ಮ ಮನೆತನದ ಹಿರಿಯ. ಅವನಿಂದ ಎಣಿಸಿದರೆ ನಾನು ಒಂಬತ್ತನೆಯ ತಲೆ. ಹುಟ್ಟಿದಂದಿನಿಂದ ನಾನು ಉಂಡದ್ದು ಅದೇ ನೆಲದ ರಾಗಿ.

ಹೋದ ವರ್ಷ ಹತ್ತು ಹನ್ನೆರಡು ಮಂದಿ ಬಂದಿದ್ದರು. ದಾರಿ ತೋರಿಸಲು ಹೋದವನು, ಚಳಿಗೆ ಕಂಬಳಿ ಹೊದ್ದು ಅವರ ನಡುವೆಯೇ ಮಲಗಿದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಯಾವ ಊರೋ ಏನೋ, ನನ್ನ ಮೊಮ್ಮಗಳ ವಯಸ್ಸಿನವಳು. ಬೆಳಗಿನ ಜಾವದ ಹೊತ್ತಿಗೆ ತಲೆಯ ಮೇಲಿಂದ ಒಂದು ದೊಡ್ಡದು ಎದ್ದು, ಹಸಿರು ಗೆರೆ ಎಳೆಯುತ್ತ, ನನ್ನ ಹೊಲದ ಮೇಲೆ ಬಂದು ಆರಿತು. ಹೊಲದ ಬದುಗಳೆಲ್ಲ ಬೆಳ್ಳಗೆ ಕಂಡವು. ಇಷ್ಟು ವರ್ಷದ ಬಾಳಿನಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಆ ಮಗು ಕತ್ತಲಲ್ಲಿ ನನ್ನ ಕೈ ಹಿಡಿದು, “ಕಂಡ್ರಾ ಅಜ್ಜ?” ಎಂದು ಕೇಳಿತು.

ಕಾಣೆ ಎಂದೆ.