ಐದು ಗ್ರಂಥಗಳ ಹಸಿವು

ಪಂಡಿತ ಮರುಳಸಿದ್ಧರ ಆಶ್ರಮಕ್ಕೆ ಅಂಬಿಗರ ಬೊಮ್ಮಣ್ಣನನ್ನು ಹೊತ್ತು ತಂದರು. ಒಂಬತ್ತು ದಿನದಿಂದ ಇಳಿಯದ ಜ್ವರ.

ಅದಕ್ಕೆ ಗ್ರಂಥದಲ್ಲಿ ಒಂದು ಗುಳಿಗೆಯಿತ್ತು. ಆಶ್ರಮದಲ್ಲಿ ಅದನ್ನು ಯಾರೂ ಮಾಡಿ ನೋಡಿರಲಿಲ್ಲ.

"ಸಂಗಣ್ಣ, ಗ್ರಂಥ ನೋಡಿ ಗುಳಿಗೆ ಕಟ್ಟು," ಎಂದರು ಗುರುಗಳು ಶಿಷ್ಯನಿಗೆ.

ಸಂಜೆಯಾದರೂ ಗುಳಿಗೆ ಬರಲಿಲ್ಲ. ಸಂಗಣ್ಣನೂ ಕಾಣಲಿಲ್ಲ. ಬೊಮ್ಮಣ್ಣನ ಹೆಂಡತಿ ಅಳುತ್ತ ಕೂತಿದ್ದಳು. ಗುರುಗಳ ಸಿಟ್ಟು ನೆತ್ತಿಗೇರಿತು.

ಹೊತ್ತು ಮುಳುಗುವಾಗ ಸಂಗಣ್ಣ ಹೊಳೆ ದಾಟಿ, ಒದ್ದೆ ಪಂಚೆಯಲ್ಲೇ ಬಂದು ನಿಂತ.

"ರೋಗಿಯನ್ನು ಬಿಟ್ಟು ಎಲ್ಲಿ ಅಲೆಯುತ್ತಿದ್ದೆ?"

"ಗುಳಿಗೆಗೆ ವತ್ಸನಾಭಿ ಬೇರು ಹಾಕಬೇಕು, ಗುರುಗಳೇ. ಅದು ವಿಷ. ವಿಷ ತೆಗೆಯುವ ಬಗೆ ಗ್ರಂಥದಲ್ಲಿಲ್ಲ."

"ನಮ್ಮಲ್ಲಿ ಐದು ಪ್ರತಿಗಳಿವೆಯಲ್ಲ?"

"ಐದನ್ನೂ ನೋಡಿದೆ. ಬೇರನ್ನು ಹಾಗೇ ಅರೆದು ಹಾಕು ಅಂತಲೇ ಇದೆ."

"ಐದು ಗ್ರಂಥ ಹೇಳಿದ ಮೇಲೂ ಅನುಮಾನವೇ ನಿನಗೆ?"

ಸಂಗಣ್ಣ ಎದುರು ಮಾತಾಡುವವನಲ್ಲ. ಅವತ್ತು ಆಡಿದ.

"ಬೇರಿನ ಹೆಸರು ಬಂದ ಕೂಡಲೇ ಐದರಲ್ಲೂ ಒಂದು ಸಾಲಿದೆ: 'ಹಸಿವಾಗಿದೆ, ಉಂಡು ಬಂದು ಬರೆಯುವೆ.' ಐವರಿಗೂ ಅದೇ ಜಾಗದಲ್ಲಿ ಹಸಿವಾಗುವುದುಂಟೇ? ಒಬ್ಬ ಬರೆದಿದ್ದಾನೆ. ಉಳಿದವರು ಅವನ ಹಸಿವನ್ನೂ ನಕಲು ಮಾಡಿದ್ದಾರೆ. ಉಂಡು ಬಂದವನು ಏನೋ ಬಿಟ್ಟಿದ್ದಾನೆ ಅನ್ನಿಸಿತು."

ಗುರುಗಳು ಗ್ರಂಥ ತೆರೆದು ಆ ಸಾಲನ್ನು ನೋಡಿದರು.

"ಆಚೆ ದಡದ ಸೂಲಗಿತ್ತಿ ನೀಲವ್ವನ ಹತ್ತಿರ ಅವರಜ್ಜನ ತಾಳೆಗರಿ ಇದೆ. ಅದರಲ್ಲಿ ಹಸಿವಿನ ಮಾತಿಲ್ಲ. ಬೇರನ್ನು ಗೋಮೂತ್ರದಲ್ಲಿ ಮೂರು ದಿನ ನೆನೆಸಿ, ಹಾಲಿನಲ್ಲಿ ಬೇಯಿಸಬೇಕು ಅಂತಿದೆ. ಹಾಗೆ ಶುದ್ಧಿ ಮಾಡಿಟ್ಟ ಬೇರನ್ನೇ ಕೊಟ್ಟರು. ಆ ಗುಳಿಗೆ ತಿಂದು ಎದ್ದ ಇಬ್ಬರನ್ನು ಮಾತಾಡಿಸಿಯೂ ಬಂದೆ."

ಗುರುಗಳು ಅವನ ಕೈಯಿಂದ ಬೇರು ತೆಗೆದುಕೊಂಡು ತಾವೇ ಅರೆಯಲು ಕುಳಿತರು.

"ಮೊದಲ ಪ್ರತಿ ಬರೆಯುವಾಗ ಹಸಿದವನು ನಾನು," ಎಂದರು. "ಆಗ ನನಗೆ ನಿನ್ನಷ್ಟೇ ವಯಸ್ಸು."

ಕಾಲಿಗೆ ಬೀಳಹೋದ ಸಂಗಣ್ಣನನ್ನು ಗುರುಗಳು ತಡೆದರು.

"ಅದೆಲ್ಲ ಆಮೇಲೆ. ಮೊದಲು ಗುಳಿಗೆ ಕಟ್ಟು."

ನಾಲ್ಕನೆಯ ದಿನ ಬೊಮ್ಮಣ್ಣ ಎದ್ದು ಕೂತು ಗಂಜಿ ಕುಡಿದ. ಅವನ ಹೆಂಡತಿ ಗುರುಗಳ ಪಾದ ಮುಟ್ಟಿದಳು.

"ನಿಮ್ಮ ಕೈಗುಣ ದೊಡ್ಡದು, ಸ್ವಾಮಿ."

ಗುರುಗಳು ಸಂಗಣ್ಣನ ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿದರು. ಹೆಮ್ಮೆಯಿಂದ ಅವರ ಮುಖ ಅರಳಿತ್ತು.

"ಇವನನ್ನು ನೋಡಮ್ಮ. ನನ್ನ ತಪ್ಪು ಹಿಡಿದವನು. ಇವನಿಗೆ ಕಲಿಸಿದ್ದು ನಾನು!"