ಕೊಳಕ್ಕೊಂದು ಕಟ್ಟಳೆ

ಬೆಟ್ಟದ ಮೇಲಿನ ಊರು ಬಂಡೆಗಲ್ಲು. ಅಲ್ಲಿನ ದೊರೆ ಕೆಂಚವೀರನಾಯಕನಿಗೆ ಕಟ್ಟಳೆ ಮಾಡುವುದೆಂದರೆ ಹಬ್ಬದೂಟ. ಊರವರು ಮೀಯುವ ಕೊಳವನ್ನು ಹೊಸದಾಗಿ ತೊಳೆಸಿದವನೇ ಡಂಗುರ ಹೊಡೆಸಿದ: "ಮೈ ಶುದ್ಧವಿಲ್ಲದವರು ಕೊಳಕ್ಕೆ ಇಳಿಯಕೂಡದು." ದೊರೆಗೂ ಇದೇ ಕಟ್ಟಳೆ ಎಂದು ಸಭೆಯಲ್ಲಿ ಮೀಸೆ ತಿರುವಿದ.

ಹೂಂಗುಟ್ಟುವವರಿಗೇನು ಬರ? ಆಸ್ಥಾನದ ಜಾಣ ಬೊಪ್ಪಣ್ಣ ಮಾತ್ರ ಅವರ ಸಾಲಿಗೆ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಕೊಳದ ದಾರಿಯಲ್ಲಿ ಸೂಲಗಿತ್ತಿ ಮಲ್ಲಕ್ಕ ಮುದುಡಿ ಕೂತಿದ್ದಳು. ಹೆರಿಗೆ ಮಾಡಿಸಿ ಬಂದವಳು ಮೀಯದೆ ತನ್ನ ಮನೆಯ ಹೊಸ್ತಿಲು ದಾಟುವಂತಿಲ್ಲ. ಮೀಯೋಣವೆಂದರೆ ಕಾವಲಿನವರು ಇಳಿಯಗೊಡುತ್ತಿಲ್ಲ. ಬೆಟ್ಟದ ಮೇಲೆ ಕುಡಿಯಲು ಬಂಡೆಗುಳಿಯ ಒಂದು ದೊಣೆ, ಮೀಯಲು ಈ ಕೊಳ, ಅಷ್ಟೇ. ದೊಣೆಯ ನೀರನ್ನು ಮೈಗೆ ಸುರಿದುಕೊಂಡರೆ ಊರೇ ಉಗಿಯುತ್ತದೆ.

"ನಿನ್ನೆಯಿಂದ ಒಲೆ ಹಚ್ಚಿಲ್ಲ ಕಣಪ್ಪ. ಕಣ್ಣು ಕಾಣದ ಗಂಡ ಒಳಗೆ ಹಸ್ಕೊಂಡು ಕೂತವ್ನೆ" ಎಂದು ಆ ದಾರಿಯಲ್ಲಿ ಬಂದ ಬೊಪ್ಪಣ್ಣನಿಗೆ ಹೇಳಿದಳು.

ಹೊತ್ತು ನೆತ್ತಿಗೇರುವುದರೊಳಗೆ ಮೀಯಿಸುತ್ತೇನೆ, ಇಲ್ಲೇ ಇರಕ್ಕ ಎಂದ ಬೊಪ್ಪಣ್ಣ ನೆಟ್ಟಗೆ ಅರಮನೆಗೆ ಹೋದ. ದೊರೆಯ ತಲೆಗೂದಲು ಬೆಳೆದಿತ್ತು. ಕೊಳದ ಮಂಟಪದಲ್ಲಿ ತಣ್ಣನೆ ಗಾಳಿ, ಕ್ಷೌರಕ್ಕೆ ಅಂಥ ಜಾಗ ಇನ್ನೊಂದಿಲ್ಲ ಎಂದು ಹೊಗಳಿದ. ದೊರೆ ಹೊರಟೇಬಿಟ್ಟ.

ಕ್ಷೌರ ಮುಗಿಯಿತು. ಕ್ಷೌರವಾದವನು ರಾಜನೇ ಆಗಲಿ, ಮೀಯುವ ತನಕ ಮೈಲಿಗೆ. ಮನೆಯೊಳಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಕತ್ತಿಗೆಲ್ಲ ಕೂದಲು ಚುಚ್ಚುತ್ತಿರಲು ದೊರೆ ಕೊಳದ ಮೆಟ್ಟಿಲಿಗೆ ಬಂದ. ಬೊಪ್ಪಣ್ಣ ಅಡ್ಡ ನಿಂತು ಕೈಮುಗಿದ.

"ಮೈ ಶುದ್ಧವಿಲ್ಲ, ಮಹಾಸ್ವಾಮಿ. ಸ್ನಾನ ಮಾಡಿ ಬನ್ನಿ, ಆಮೇಲೆ ಸ್ನಾನ ಮಾಡುವಿರಂತೆ."

ದೊರೆ ಹುಬ್ಬು ಗಂಟಿಕ್ಕಿದ. ಹಾಗಾದರೆ ಯಾರಾದರೂ ಇಳಿದು ಒಂದು ಕೊಡ ನೀರು ತನ್ನಿ ಎಂದ.

"ಇಳಿಯುವವನೂ ಮಿಂದಿರಬೇಕಲ್ಲ? ಡಂಗುರ ಹೊಡೆದ ಮೇಲೆ ಊರಲ್ಲಿ ಮಿಂದವರೇ ಇಲ್ಲ."

ಕಾವಲಿನವರು ನಗು ನುಂಗಿಕೊಂಡು ಅತ್ತ ತಿರುಗಿದರು. ದೊರೆ ಕತ್ತು ಕೆರೆದುಕೊಂಡ, ಕೆರೆದಷ್ಟೂ ನವೆ. ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದು ಅರಿವಾಗಿ ಕಡೆಗೆ ಅವನೂ ನಕ್ಕ. ಬೊಪ್ಪಣ್ಣ ಮಲ್ಲಕ್ಕನ ಸಂಗತಿ ಹೇಳಿದಾಗ ಮಾತ್ರ ಆ ನಗು ಇಂಗಿತು. ಕಟ್ಟಳೆ ಈಗಲೇ ರದ್ದು, ಮೊದಲು ಆಕೆ ಮೀಯಲಿ ಎಂದು ಅಪ್ಪಣೆಯಾಯಿತು. ಮಲ್ಲಕ್ಕ ಹೆಂಗಸರ ಮೆಟ್ಟಿಲಿನತ್ತ ಓಡಿದಳು.

ಸಂಜೆ ಬಂದು ಕೈಗೊಂದು ಕಡಗ ತೊಡಿಸಿಕೊಂಡು ಹೋಗು ಎಂದು ದೊರೆ ಬೊಪ್ಪಣ್ಣನಿಗೆ ಹೇಳಿದ. ಆದರೂ ದೊರೆಯ ಮನಸ್ಸಿನ ಅಳುಕು ಹೋಗಿರಲಿಲ್ಲ.

"ಎಲ್ಲರೂ ಇಳಿದರೆ ಕೊಳ ಕೊಳಕಾಗುವುದಿಲ್ಲವೇನಯ್ಯಾ?"

"ಕೊಳಕಾಗುವುದು ಕೊಳದ ಕೆಲಸ, ಮಹಾಸ್ವಾಮಿ. ತೊಳೆಸುವುದು ತಮ್ಮದು."